ನೋಯದ ಜಾಗ ಎಲ್ಲಿದೆ, ಹೇಳು

ಒಬ್ಬ ಮುದುಕ ಆರಾಮ ಕುರ್ಚಿಯಲ್ಲಿ ಒರಗಿದಲ್ಲೇ ನಿದ್ದೆ ಹೋಗಿದ್ದಾನೆ. ಮೈಮೇಲೆ ಚಡ್ಡಿ ಬಿಟ್ಟರೆ ಬೇರೇನಿಲ್ಲ. ಎದೆಯ ರೋಮ ನೆರೆತಿದೆ, ತೋಳಿನ ಚರ್ಮ ಜೋತುಬಿದ್ದಿದೆ. ಪಕ್ಕದ ಮನೆಯ ಹುಡುಗರು ಬೀಟಲ್ಸ್ ಹಾಡನ್ನು ಗೋಡೆ ನಡುಗುವಷ್ಟು ಜೋರಾಗಿ ಹಾಕಿದ್ದಾರೆ. ಬೆಚ್ಚಿ ಎದ್ದ ಮುದುಕ ಬೇಸ್‌ಬಾಲ್ ಬ್ಯಾಟು ಹಿಡಿದುಕೊಂಡು ಜಗಳಕ್ಕೆ ಹೊರಡುತ್ತಾನೆ. ಊರು ನ್ಯೂಯಾರ್ಕ್, ಇಸವಿ 1969. ಚಂದ್ರನ ಮೇಲೆ ಕಾಲಿಟ್ಟು ಬಂದವರನ್ನು ಮೆರವಣಿಗೆ ಮಾಡುವ ದಿನ. ಮುದುಕನ ಹೆಸರು ಇಂಡಿಯಾನಾ ಜೋನ್ಸ್.

2023ರ ಜೂನ್ ಕೊನೆಯಲ್ಲಿ ತೆರೆಕಂಡ 'ಇಂಡಿಯಾನಾ ಜೋನ್ಸ್ ಅಂಡ್ ದಿ ಡಯಲ್ ಆಫ್ ಡೆಸ್ಟಿನಿ' ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಈ ಒಂದೆರಡು ನಿಮಿಷ. ಹ್ಯಾರಿಸನ್ ಫೋರ್ಡ್ ಅವರಿಗೆ ಆಗ 80 ವರ್ಷ. ಇನ್ನೆರಡು ವಾರ ಕಳೆದಿದ್ದರೆ 81. ಜಗತ್ತಿನ ಅತಿ ದುಬಾರಿ ಸಿನಿಮಾಗಳಲ್ಲಿ ಒಂದರ ನಾಯಕ ಹೀಗೆ ಬರಿಮೈಯಲ್ಲಿ, ಮುಪ್ಪನ್ನು ಮುಚ್ಚಿಕೊಳ್ಳದೆ ನಮ್ಮೆದುರು ಎದ್ದು ನಿಂತದ್ದು ಸಣ್ಣ ಧೈರ್ಯವಲ್ಲ.

ಇದಕ್ಕೆ ಮೊದಲಿನ ಸುಮಾರು 25 ನಿಮಿಷ ನಾವು ನೋಡಿದ್ದು ಬೇರೆಯದೇ ಜೋನ್ಸನನ್ನು. ಎರಡನೇ ಮಹಾಯುದ್ಧದ ಕೊನೆಯ ದಿನಗಳು. ನಾಜಿಗಳು ದೋಚಿದ ಮಾಲು ತುಂಬಿಕೊಂಡು ಓಡುವ ರೈಲು, ಅದರ ಚಾವಣಿ ಮೇಲೆ ಹೊಡೆದಾಟ. ಅಲ್ಲಿ ಜೋನ್ಸನಿಗೆ ನಲವತ್ತೈದರ ಮುಖ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯವರು ಲ್ಯೂಕಾಸ್‌ಫಿಲ್ಮ್ ಉಗ್ರಾಣದಲ್ಲಿದ್ದ ಹಳೆಯ ಚಿತ್ರಗಳ ರೀಲುಗಳನ್ನೆಲ್ಲ ಜಾಲಾಡಿ, ಆ ಕಾಲದ ಫೋರ್ಡ್ ಅವರ ಮುಖವನ್ನು ಹೆಕ್ಕಿ ತಂದು ಈಗಿನ ಮುಖದ ಮೇಲೆ ಕಂಪ್ಯೂಟರಿನಲ್ಲಿ ಕೂರಿಸಿದ್ದಾರೆ. ಕೆಲಸ ಅಚ್ಚುಕಟ್ಟು. ಕತ್ತಲಲ್ಲಿ, ಟೋಪಿಯ ನೆರಳಲ್ಲಿ, ಒಂದು ಕ್ಷಣ 'ಅರೆ!' ಅನಿಸುತ್ತದೆ. ಆದರೆ ಬಾಯಿ ತೆರೆದರೆ ಮುಗಿಯಿತು. ಗಂಟಲು ಎಂಬತ್ತರದು. ಮೆಟ್ಟಿಲು ಹತ್ತಿ ಬಂದವರ ಒರಟು ಉಸಿರಿನ ಆ ದನಿಗೆ ನಲವತ್ತೈದರ ತುಟಿ ಆಡುತ್ತದೆ. ಮಗನ ಅಂಗಿ ಹಾಕಿಕೊಂಡ ಅಜ್ಜನನ್ನು ನೋಡಿದ ಹಾಗೆ.

ಪುರಾತತ್ವದವರು ನೆಲದಲ್ಲಿ ಸಿಕ್ಕ ಕಂಚಿನ ವಿಗ್ರಹಕ್ಕೆ ಹುಣಿಸೆಹಣ್ಣು ಹಚ್ಚಿ ತಿಕ್ಕುವುದಿಲ್ಲ. ಮೇಲೆ ಕಟ್ಟಿದ ಹಸಿರು ಕಿಲುಬೇ ಅದರ ವಯಸ್ಸಿಗೆ ಸಾಕ್ಷಿ. ಅದನ್ನು ಕೆರೆದು ಫಳಫಳ ಮಾಡಿದರೆ ಉಳಿಯುವುದು ಅಂಗಡಿ ಮಾಲು. ಪುರಾತತ್ವ ಮೇಷ್ಟ್ರೊಬ್ಬನ ಕತೆ ಹೇಳುವ ಸಿನಿಮಾಕ್ಕೆ ಈ ಮೊದಲನೆಯ ಪಾಠ ತಿಳಿಯದೆ ಹೋದದ್ದು ತಮಾಷೆ.

ಯಾಕೆಂದರೆ ಈ ನಾಯಕ ಹುಟ್ಟಿದ್ದೇ ಮೈ ನೋಯಿಸಿಕೊಳ್ಳುವುದಕ್ಕೆ.

1977ರ ಮೇ. 'ಸ್ಟಾರ್ ವಾರ್ಸ್' ಬಿಡುಗಡೆಯ ಗದ್ದಲದಿಂದ ತಪ್ಪಿಸಿಕೊಂಡು ಜಾರ್ಜ್ ಲ್ಯೂಕಾಸ್ ಹವಾಯಿಯ ಕಡಲ ದಂಡೆಗೆ ಹೋಗಿದ್ದರು. ಜೊತೆಗೆ ಸ್ಟೀವನ್ ಸ್ಪೀಲ್‌ಬರ್ಗ್. ತನಗೆ ಜೇಮ್ಸ್ ಬಾಂಡ್ ಚಿತ್ರವೊಂದನ್ನು ಮಾಡುವ ಆಸೆಯಿದೆ ಎಂದರು ಸ್ಪೀಲ್‌ಬರ್ಗ್. ಅದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇದೆ ಎಂದರು ಲ್ಯೂಕಾಸ್. ಚಿಕ್ಕಂದಿನಲ್ಲಿ ಕಂಡ, ಮೂವತ್ತು-ನಲವತ್ತರ ದಶಕದ ಕಂತು ಕಂತಿನ ಸಾಹಸ ಚಿತ್ರಗಳ ಗುಂಗು ಅವರಿಗೆ. ಸಾಹಸಿಗೆ ಮೊದಲು ಇಟ್ಟ ಹೆಸರು ಇಂಡಿಯಾನಾ ಸ್ಮಿತ್. ಇಂಡಿಯಾನಾ ಎಂಬುದು ಲ್ಯೂಕಾಸ್ ಅವರ ಮನೆ ನಾಯಿಯ ಹೆಸರು. ಸ್ಮಿತ್ ಎಂಬುದು ಸ್ಪೀಲ್‌ಬರ್ಗ್‌ಗೆ ಹಿಡಿಸದೆ ಜೋನ್ಸ್ ಆಯಿತು. ಪಾತ್ರ ಮೊದಲು ಟಾಮ್ ಸೆಲೆಕ್ ಪಾಲಿಗೆ ಬಂದಿತ್ತು. ಟೀವಿ ಧಾರಾವಾಹಿಯ ಕರಾರು ಅವರನ್ನು ಬಿಡಲಿಲ್ಲ. ಹೀಗೆ, ಒಂದು ಕಾಲಕ್ಕೆ ಹೊಟ್ಟೆಪಾಡಿಗೆ ಬಡಗಿ ಕೆಲಸ ಮಾಡಿಕೊಂಡಿದ್ದ ಹ್ಯಾರಿಸನ್ ಫೋರ್ಡ್ ತಲೆಗೆ ಆ ಟೋಪಿ ಬಂತು.

ಬಾಂಡ್ ಎಂಥ ಹೊಡೆದಾಟದಿಂದ ಎದ್ದು ಬಂದರೂ ಕೋಟಿನ ಇಸ್ತ್ರಿ ಕೆಡುವುದಿಲ್ಲ. ಜೋನ್ಸ್ ಹಾಗಲ್ಲ. ಏಟು ತಿನ್ನುತ್ತಾನೆ, ಮುಖ ಕಿವುಚುತ್ತಾನೆ, ಹಾವು ಕಂಡರೆ ಕಾಲು ಹಿಂದಿಡುತ್ತಾನೆ, ಕೊನೆಗೆ ಕಷ್ಟಪಟ್ಟು ಗಳಿಸಿದ್ದನ್ನು ಕಳೆದುಕೊಂಡೂ ಬರುತ್ತಾನೆ. ಫೋರ್ಡ್ ಇದನ್ನು ನಟಿಸಿದ್ದು ಅರ್ಧ, ಅನುಭವಿಸಿದ್ದು ಅರ್ಧ. 1981ರ ಮೊದಲ ಚಿತ್ರ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್'ನ ಚಿತ್ರೀಕರಣ ಟ್ಯುನೀಸಿಯಾದಲ್ಲಿ ನಡೆಯುತ್ತಿದ್ದಾಗ ವಿಮಾನದ ಚಕ್ರವೊಂದು ಅವರ ಕಾಲಿನ ಮೇಲೆ ಹರಿದು ಮಂಡಿ ಜಖಂ ಆಯಿತು. ಆಮೇಲೆ ಆಮಶಂಕೆ. ಕತ್ತಿ ತಿರುಗಿಸುವ ಧಾಂಡಿಗನೊಬ್ಬನ ಜೊತೆ ಚಾವಟಿ ಹಿಡಿದು ಉದ್ದನೆಯ ಕಾಳಗ ಆಗಬೇಕಿತ್ತು. ಹೊಟ್ಟೆ ಹಿಡಿದುಕೊಂಡಿದ್ದ ಫೋರ್ಡ್‌ಗೆ ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುವ ತ್ರಾಣವಿರಲಿಲ್ಲ. ಸುಮ್ಮನೆ ಗುಂಡು ಹೊಡೆದುಬಿಟ್ಟರೆ ಹೇಗೆ ಎಂದರು. ಕತ್ತಿಯವನು ಕಸರತ್ತೆಲ್ಲ ತೋರಿಸಿ ಮುಗಿಸುತ್ತಾನೆ, ಜೋನ್ಸ್ ಬೇಸತ್ತ ಮುಖದಲ್ಲಿ ಪಿಸ್ತೂಲು ತೆಗೆದು ಢಂ ಅನಿಸುತ್ತಾನೆ. ಸರಣಿಯ ಅತಿ ಹೆಸರಾಂತ ನಗೆ ಹುಟ್ಟಿದ್ದು ಹೀಗೆ, ಕೆಟ್ಟ ಹೊಟ್ಟೆಯಿಂದ.

ಅದೇ ಚಿತ್ರದಲ್ಲಿ ಹಡಗಿನ ಕೋಣೆಯ ದೃಶ್ಯವೊಂದಿದೆ. ಜಜ್ಜಿಹೋದ ಜೋನ್ಸನಿಗೆ ಅವನ ಹಳೆಯ ಪ್ರೇಯಸಿ ಮರಿಯನ್ ಔಷಧಿ ಹಚ್ಚಲು ಬರುತ್ತಾಳೆ. ಮುಟ್ಟಿದಲ್ಲೆಲ್ಲ ಅವನು ಅರಚುತ್ತಾನೆ. ಅವಳಿಗೆ ರೇಗಿ, ಹಾಗಾದರೆ ನೋಯದೆ ಇರುವುದಾದರೂ ಎಲ್ಲಿ ಎಂದು ಕೇಳುತ್ತಾಳೆ. ಅವನು ಮೊಣಕೈ ತೋರಿಸುತ್ತಾನೆ. ಅವಳು ಅಲ್ಲಿಗೊಂದು ಮುತ್ತು ಕೊಡುತ್ತಾಳೆ. ಆಮೇಲೆ ಹಣೆ, ಕಣ್ಣು, ತುಟಿ. ಅಷ್ಟರಲ್ಲಿ ಮಹಾಶಯ ಗೊರಕೆಗೆ ಇಳಿದಿರುತ್ತಾನೆ. ಬಾಂಡ್‌ನಿಗೆ ಇಂಥದೊಂದು ದೃಶ್ಯ ಬರೆಯಲು ಬರುತ್ತಿತ್ತೇ? ಮರಿಯನ್ ಆದ ಕೇರನ್ ಆಲನ್ ಆ ದೃಶ್ಯದಲ್ಲಿ ತೋರುವ ಅಸಹನೆಯಲ್ಲಿ ಎಷ್ಟು ಅಕ್ಕರೆಯಿದೆ ಎಂಬುದು, ಚಿತ್ರವನ್ನು ಬಾಡಿಗೆ ಕ್ಯಾಸೆಟ್ಟಿನಲ್ಲಿ ಮೊದಲು ನೋಡಿದಾಗ ನನಗೆ ಹೊಳೆದಿರಲಿಲ್ಲ. ಆಗ ನನಗೆ ಉರುಳಿ ಬರುವ ಬಂಡೆಗುಂಡೊಂದೇ ಸಾಕಾಗಿತ್ತು.

ಎರಡನೆಯ ಚಿತ್ರದ ಬಗ್ಗೆ ನಮ್ಮವರಿಗೆ ಬೇರೆಯದೇ ತಕರಾರು, ಅದು ನ್ಯಾಯವಾದದ್ದೂ ಹೌದು. 1984ರ 'ಟೆಂಪಲ್ ಆಫ್ ಡೂಮ್' ಕತೆ ನಡೆಯುವುದು ಭಾರತದಲ್ಲಿ. ಕತೆ ಓದಿದ ನಮ್ಮ ಸರ್ಕಾರ ಚಿತ್ರೀಕರಣಕ್ಕೆ ಒಪ್ಪಲಿಲ್ಲ. ತಂಡ ಶ್ರೀಲಂಕಾದ ಕ್ಯಾಂಡಿಗೆ ಹೋಯಿತು. ಹಾಗಾಗಿ ತೆರೆಯ ಮೇಲಿನ ಭಾರತದ ಹಳ್ಳಿಗರು ಸಿಂಹಳ ಮಾತಾಡುತ್ತಾರೆ. ಅರಮನೆಯ ಔತಣದಲ್ಲಿ ಜೀವಂತ ಹಾವು, ಕಣ್ಣುಗುಡ್ಡೆಯ ಸಾರು, ತಣ್ಣಗಿನ ಮಂಗನ ಮಿದುಳು ಬಡಿಸುತ್ತಾರೆ. ಇದನ್ನು ಯಾವ ಸಂಸ್ಥಾನದ ಅಡುಗೆಮನೆಯಲ್ಲಿ ಕಂಡರೋ! ಎದೆಗೆ ಕೈಯಿಟ್ಟು ಗುಂಡಿಗೆ ಕೀಳುವ ಮೋಲಾ ರಾಮ್ ಆಗಿ ಬಂದವರು ಅಮರೀಶ್ ಪುರಿ. ಹನ್ನೊಂದು ವರ್ಷ ಮೊದಲು ಗಿರೀಶ ಕಾರ್ನಾಡರ 'ಕಾಡು' ಚಿತ್ರದಲ್ಲಿ ಚಂದ್ರೇಗೌಡನಾಗಿ ನಾವು ಕಂಡಿದ್ದ ಅದೇ ಮನುಷ್ಯ. ಎರಡು ಹಳ್ಳಿಗಳ ಹಗೆಯ ನಡುವೆ ಒಳಗೊಳಗೇ ಕುದಿಯುವ ಗೌಡ ಎಲ್ಲಿ, ಕೊಂಬಿನ ಕಿರೀಟದ ಈ ಮಂತ್ರವಾದಿ ಎಲ್ಲಿ! ಆದರೂ ತಲೆ ಬೋಳಿಸಿಕೊಂಡ ಪುರಿಯವರು ಕಣ್ಣರಳಿಸಿ ನಿಂತರೆ ಉಳಿದವರೆಲ್ಲ ಮಂಕು. ಆ ಬೋಳುತಲೆ ಎಷ್ಟು ಒಪ್ಪಿತೆಂದರೆ ಮುಂದೆ ಅದು ಅವರ ಗುರುತೇ ಆಯಿತು.

ಈ ಚಿತ್ರದಲ್ಲೂ ಫೋರ್ಡ್ ಮೈ ಕೈಕೊಟ್ಟಿತು. ಆನೆ ಸವಾರಿಯಿಂದ ಮೊದಲೇ ನೋಯುತ್ತಿದ್ದ ಬೆನ್ನು ಹೊಡೆದಾಟದ ದೃಶ್ಯವೊಂದರಲ್ಲಿ ಪೂರ್ತಿ ಹಿಡಿದುಕೊಂಡು, ಅವರನ್ನು ಲಾಸ್ ಏಂಜಲಿಸ್‌ಗೆ ಕಳಿಸಬೇಕಾಯಿತು. ಅಲ್ಲಿ ಬೆನ್ನುಮೂಳೆಯ ನಡುವಿನ ಜರುಗಿದ ಬಿಲ್ಲೆಗೆ ಕೊಟ್ಟ ಚುಚ್ಚುಮದ್ದು ಪರಂಗಿಯಿಂದ ತೆಗೆದದ್ದು. ಮಾಂಸ ಬೇಗ ಬೇಯಲೆಂದು ನಮ್ಮ ಅಡುಗೆಯವರು ಎರಡು ಹೋಳು ಪರಂಗಿಕಾಯಿ ಹಾಕುತ್ತಾರಲ್ಲ, ಅದೇ ಗುಣ. ಅವರಿಲ್ಲದ ವಾರಗಳಲ್ಲಿ ವಿಕ್ ಆರ್ಮ್‌ಸ್ಟ್ರಾಂಗ್ ಎಂಬ ಸಾಹಸ ಕಲಾವಿದ ಟೋಪಿ ಹಾಕಿಕೊಂಡು ಕೆಲಸ ಸಾಗಿಸಿದರು.

1989ರ ಮೂರನೆಯ ಚಿತ್ರದಲ್ಲಿ ಸ್ಪೀಲ್‌ಬರ್ಗ್ ಹವಾಯಿಯ ಹಳೆಯ ಆಸೆಯನ್ನು ಸುತ್ತುಬಳಸಿ ತೀರಿಸಿಕೊಂಡರು. ಬಾಂಡ್ ಚಿತ್ರ ಸಿಗದಿದ್ದರೇನು, ಮೊದಲ ಬಾಂಡ್ ಶಾನ್ ಕಾನರಿಯನ್ನೇ ಜೋನ್ಸನ ಅಪ್ಪನಾಗಿ ಕರೆತಂದರು. ಅಪ್ಪ ಮಗನಿಗಿಂತ ಬರೀ 12 ವರ್ಷ ದೊಡ್ಡವರು! ಜೋರ್ಡಾನಿನ ಪೆಟ್ರಾದ ಕಲ್ಲಿನ ಮಹಾದ್ವಾರ ದಾಟಿ, ಅಪ್ಪ ಮಗ ಸಂಗಡಿಗರೆಲ್ಲ ಕುದುರೆಯೇರಿ ಮುಳುಗುವ ಸೂರ್ಯನ ಕಡೆ ಓಡುವುದರೊಂದಿಗೆ ಚಿತ್ರ ಮುಗಿಯಿತು. ಸರಣಿಯೂ ಅಲ್ಲಿಗೆ ಮುಗಿದಿದ್ದರೆ ಯಾರೂ ಕೊರಗುತ್ತಿರಲಿಲ್ಲ. 19 ವರ್ಷ ಬಿಟ್ಟು 'ಕ್ರಿಸ್ಟಲ್ ಸ್ಕಲ್' ಬಂತು. ಅಣುಬಾಂಬಿನಿಂದ ಪಾರಾಗಲು ಜೋನ್ಸ್ ಫ್ರಿಜ್ಜಿನೊಳಗೆ ಕೂತುಕೊಂಡ. ಮರಿಯನ್‌ಳನ್ನು ಮದುವೆಯಾದ, ಮಟ್ ಎಂಬ ಮಗನಿರುವುದು ಗೊತ್ತಾಯಿತು. ಅದರ ಬಗ್ಗೆ ಇಷ್ಟು ಸಾಕು.

ಬೇರೆ ಸರಣಿಯಾಗಿದ್ದರೆ ಈ ಹೊತ್ತಿಗೆ ಹೊಸ ಮುಖ ಬಂದಿರುತ್ತಿತ್ತು. ರೋಜರ್ ಮೂರ್ 1985ರಲ್ಲಿ 57ರ ವಯಸ್ಸಿನಲ್ಲಿ ಬಾಂಡ್ ವೇಷ ಕಳಚಿದರು, ಇನ್ನೊಬ್ಬರು ತೊಟ್ಟರು. ಬಾಂಡ್ ಎಂಬುದು ಒಂದು ಹುದ್ದೆ. ಒಬ್ಬರು ನಿವೃತ್ತರಾದರೆ ಮತ್ತೊಬ್ಬರು ಚಾರ್ಜು ತೆಗೆದುಕೊಳ್ಳುತ್ತಾರೆ. ಜೋನ್ಸ್ ಹುದ್ದೆಯಲ್ಲ, ಆಸಾಮಿ. ಎಳೆಯ ಜೋನ್ಸನಾಗಿ ಬೇರೆಯವರು ನಟಿಸಿದ್ದುಂಟು, ಟೀವಿ ಸರಣಿಯೂ ಬಂದಿತ್ತು. ಆದರೆ ದೊಡ್ಡವನಾದ ಜೋನ್ಸನ ಓರೆ ನಗು, ಮುರಿದ ಮಂಡಿ, ಗೊಣಗಾಟ ಎಲ್ಲ ಫೋರ್ಡ್ ಅವರ ದೇಹಕ್ಕೇ ಅಂಟಿದ್ದವು. ಅವರಿಗೆ ವಯಸ್ಸಾದರೆ ಅವನಿಗೂ ಆಗಲೇಬೇಕು.

ಅದೂ ಸುಲಭಕ್ಕೆ ಆಗಲಿಲ್ಲ. ಐದನೆಯ ಚಿತ್ರ ಮೊದಲು 2019ಕ್ಕೆ ಬರಬೇಕಿತ್ತು. ಮುಂದಕ್ಕೆ ಹೋಗುತ್ತಾ ಹೋಗುತ್ತಾ 2020ರಲ್ಲಿ ಸ್ಪೀಲ್‌ಬರ್ಗ್ ನಿರ್ದೇಶನದಿಂದಲೇ ಹಿಂದೆ ಸರಿದರು. ಜಾಗಕ್ಕೆ ಬಂದವರು ಜೇಮ್ಸ್ ಮ್ಯಾಂಗೋಲ್ಡ್. 2017ರ 'ಲೋಗನ್'ನಲ್ಲಿ, ಗಾಯವೇ ಆಗದಂತಿದ್ದ ವುಲ್ವರಿನ್‌ಗೆ ಬಿಳಿ ಗಡ್ಡ, ನಡುಗುವ ಕೈ, ಮಾಯದ ಹುಣ್ಣು ಕೊಟ್ಟು ಕಣ್ಣೀರು ತರಿಸಿದ್ದವರು. ಆಯ್ಕೆ ಸರಿಯಾಗಿಯೇ ಇತ್ತು. 2021ರ ಜೂನ್‌ನಲ್ಲಿ ಚಿತ್ರೀಕರಣ ಶುರುವಾದ ಸ್ವಲ್ಪ ದಿನಕ್ಕೇ ಹೊಡೆದಾಟದ ತಾಲೀಮಿನಲ್ಲಿ ಫೋರ್ಡ್ ಭುಜಕ್ಕೆ ಪೆಟ್ಟಾಯಿತು. 40 ವರ್ಷದಲ್ಲಿ ಮಂಡಿ, ಹೊಟ್ಟೆ, ಬೆನ್ನು, ಭುಜ. ಲೆಕ್ಕ ಹಾಕಿದರೆ ಮೊಣಕೈಯೊಂದೇ ಉಳಿದದ್ದು!

ಮ್ಯಾಂಗೋಲ್ಡ್ ಕತೆಗೆ 1969ನ್ನು ಆರಿಸಿಕೊಂಡದ್ದು ಇಡೀ ಚಿತ್ರದ ಜಾಣ ನಡೆ. ಬ್ಯಾಟು ಹಿಡಿದ ಆ ಬೆಳಗಿನ ನಂತರ ಜೋನ್ಸ್ ಕಾಲೇಜಿಗೆ ಹೋಗುತ್ತಾನೆ. ಮೊದಲ ಚಿತ್ರದಲ್ಲಿ ರೆಪ್ಪೆಯ ಮೇಲೆ ಪ್ರೇಮದ ಮಾತು ಬರೆದುಕೊಂಡು ಬಂದಿದ್ದಳಲ್ಲ ಒಬ್ಬ ವಿದ್ಯಾರ್ಥಿನಿ, ಅಂಥ ತರಗತಿ ಅಲ್ಲ ಇದು. ಹುಡುಗರು ತೂಕಡಿಸುತ್ತಾರೆ, ಅವರ ಮನಸ್ಸೆಲ್ಲ ಬೀದಿಯ ಮೆರವಣಿಗೆಯಲ್ಲಿ. ಭೂಮಿ ಅಗೆಯುವ ಮೇಷ್ಟ್ರ ಮಾತು ಚಂದ್ರನಿಗೆ ಹೋಗಿಬಂದ ಲೋಕಕ್ಕೆ ಯಾಕೆ ಬೇಕು? ಅವತ್ತೇ ಅವನ ನಿವೃತ್ತಿ. ಸಹೋದ್ಯೋಗಿಗಳು ಕೇಕಿನ ಸುತ್ತ ನಿಂತು ಒಂದು ಗಡಿಯಾರ ಕೊಡುತ್ತಾರೆ. ನಮ್ಮಲ್ಲಾದರೆ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಮುಜುಗರ ಮಾತ್ರ ಒಂದೇ. ಗಡಿಯಾರವನ್ನು ಬೀದಿಯಲ್ಲಿ ಯಾರಿಗೋ ಕೊಟ್ಟು ಅವನು ಹೆಂಡದಂಗಡಿ ಸೇರುತ್ತಾನೆ. ಮನೆಯಲ್ಲಿ ಮರಿಯನ್ ಕಳಿಸಿದ ವಿಚ್ಛೇದನದ ಕಾಗದ. ಮಗ ವಿಯೆಟ್ನಾಂ ಯುದ್ಧಕ್ಕೆ ಹೋದವನು ಬರಲಿಲ್ಲ. ಆ ದುಃಖ ಗಂಡ ಹೆಂಡತಿಯನ್ನು ಒಂದುಗೂಡಿಸುವ ಬದಲು ಎರಡು ಮನೆ ಮಾಡಿತು.

ಖಳನಾಯಕನನ್ನು ಹುಡುಕಿದ ರೀತಿಯೂ ಚೆನ್ನಾಗಿದೆ. ಮ್ಯಾಡ್ಸ್ ಮಿಕ್ಕೆಲ್‌ಸನ್ ಮಾಡಿದ ವೋಲರ್ ಒಬ್ಬ ನಾಜಿ ವಿಜ್ಞಾನಿ. ಈಗ ಅಮೆರಿಕದ ಸರ್ಕಾರವೇ ಅವನನ್ನು ಸಾಕುತ್ತಿದೆ, ಚಂದ್ರಯಾನದ ರಾಕೆಟ್ಟಿನ ಹಿಂದೆ ಅವನ ಬುದ್ಧಿಯಿದೆ. ಇದು ಪೂರಾ ಕಟ್ಟುಕತೆಯಲ್ಲ. ಹಿಟ್ಲರನ ವಿ-2 ರಾಕೆಟ್ ಕಟ್ಟಿದ ವೆರ್ನರ್ ಫಾನ್ ಬ್ರೌನ್ ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಬಂದು, ಅಪೋಲೊವನ್ನು ಹೊತ್ತೊಯ್ದ ಸ್ಯಾಟರ್ನ್-5 ರಾಕೆಟ್ಟಿನ ಮುಖ್ಯ ಶಿಲ್ಪಿಯಾದದ್ದು ಎಲ್ಲರೂ ಬಲ್ಲ ಚರಿತ್ರೆ. ಅಂದರೆ ಜೋನ್ಸ್ ಹಲ್ಲು ಉದುರಿಸಿಕೊಂಡು ಯಾರ ವಿರುದ್ಧ ಹೊಡೆದಾಡಿದನೋ ಅಂಥವರಿಗೂ ಆ ಮೆರವಣಿಗೆಯಲ್ಲಿ ಪಾಲಿದೆ. ಆ ಜನಜಂಗುಳಿಯ ನಡುವೆ ಪೊಲೀಸರ ಕುದುರೆಯೇರಿ ಸುರಂಗ ರೈಲಿನ ಹಳಿಗಿಳಿಯುವ ಮುದುಕ ಎಲ್ಲಿಯೂ ಸಲ್ಲದವನಂತೆ ಕಾಣುತ್ತಾನೆ. ಈ ಎಳೆಯನ್ನು ಇನ್ನಷ್ಟು ಜಗ್ಗಬಹುದಿತ್ತು. ಆದರೆ ಸಿನಿಮಾಕ್ಕೆ ಅವಸರ. ಮೊರಾಕೊದ ಟ್ಯಾಂಜಿಯರ್‌ಗೆ ಹಾರಿ ಅಲ್ಲಿ ನಮ್ಮ ಆಟೋದಂಥ ಮೂರು ಚಕ್ರದ ಗಾಡಿಗಳಲ್ಲಿ ಬೆನ್ನಟ್ಟಾಟ, ಅಲ್ಲಿಂದ ಸಮುದ್ರದ ತಳ, ಅಲ್ಲಿಂದ ಸಿಸಿಲಿ. ಬೆನ್ನಟ್ಟಾಟಗಳು ಒಂದಕ್ಕಿಂತ ಒಂದು ಉದ್ದ. ಧರ್ಮಪುತ್ರಿ ಹೆಲೆನಾ ಆಗಿ ಬರುವ ಫೀಬಿ ವಾಲರ್-ಬ್ರಿಜ್ ಚುರುಕಾಗಿದ್ದಾರೆ, ಆದರೆ ಎಷ್ಟೋ ಕಡೆ ಮುದುಕನ ಬಾಯಿಂದ ಮಾತು ಕಸಿದುಕೊಂಡಂತೆ ಆಡುತ್ತಾರೆ.

ಈ ಓಟದ ನಡುವೆ ಒಂದು ಬಂಡೆ ಹತ್ತುವ ದೃಶ್ಯ ಬರುತ್ತದೆ. ಅರ್ಧ ಹತ್ತಿದ ಜೋನ್ಸ್ ಏದುಸಿರು ಬಿಡುತ್ತಾ ತನ್ನ ಮೈಯ ಲೆಕ್ಕ ಒಪ್ಪಿಸುತ್ತಾನೆ. ಪುಡಿಯಾಗುತ್ತಿರುವ ಬೆನ್ನುಮೂಳೆ, ಕಾಲಿಗೆ ಹಾಕಿದ ಲೋಹದ ಪಟ್ಟಿ, ತಿಂದ ಗುಂಡುಗಳ ಸಂಖ್ಯೆ, ಟೆಂಪಲ್ ಆಫ್ ಡೂಮ್‌ನಲ್ಲಿ ಬಲವಂತಕ್ಕೆ ಕುಡಿದ ಕಾಳಿಯ ರಕ್ತದವರೆಗೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ನಾನು ನೋಡಿದ ಆಟದಲ್ಲಿ ಅರ್ಧ ಕುರ್ಚಿ ಖಾಲಿ. ಇದ್ದವರಲ್ಲಿ ಅರ್ಧ ಜನರ ತಲೆ ನನ್ನದರಂತೆಯೇ ಬೆಳ್ಳಗೆ. ಎಲ್ಲಕ್ಕಿಂತ ಜೋರಾಗಿ ನಗು ಬಂದದ್ದು ಇಲ್ಲಿಯೇ.

ಎಲ್ಲರೂ ಬೆನ್ನು ಹತ್ತಿದ ಆ 'ಡಯಲ್'ಗೂ ಅಸಲಿ ಮೂಲವಿದೆ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ ಪ್ರಾಚೀನ ಹಡಗೊಂದನ್ನು 1900ರಲ್ಲಿ ಸ್ಪಂಜು ತೆಗೆಯುವ ಮುಳುಗುಗಾರರು ಕಂಡರು. ಅದರಿಂದ ಎತ್ತಿದ ಸಾಮಾನುಗಳಲ್ಲಿ ತುಕ್ಕು ಹಿಡಿದ ಕಂಚಿನ ಮುದ್ದೆಯೊಂದಿತ್ತು. ಅದು ಒಡೆದಾಗ ನೋಡಿದರೆ ಒಳಗೆ ಹಲ್ಲಿನ ಚಕ್ರ! ಸೂರ್ಯ, ಚಂದ್ರರ ಚಲನೆ, ಗ್ರಹಣದ ದಿನಗಳನ್ನು ಲೆಕ್ಕ ಹಾಕಿ ತೋರಿಸುವ ಯಂತ್ರ ಅದು; ಒಂಥರದಲ್ಲಿ ಹಿಡಿ ತಿರುಗಿಸಿದರೆ ಓಡುವ ಪಂಚಾಂಗ. ಈಗ ಅಥೆನ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 82 ತುಣುಕುಗಳಾಗಿ ಉಳಿದಿದೆ. 30 ಚಕ್ರ ಗುರುತಿಗೆ ಸಿಗುತ್ತವೆ, ದೊಡ್ಡದಕ್ಕೆ 223 ಹಲ್ಲು ಇದ್ದವೆಂದು ಲೆಕ್ಕ. ಸಿನಿಮಾ ಇದನ್ನು ಆರ್ಕಿಮಿಡಿಸ್ ಮಾಡಿದ್ದು ಎನ್ನುತ್ತದೆ, ಕಾಲದ ಬಿರುಕು ತೋರಿಸುತ್ತದೆ ಎನ್ನುತ್ತದೆ. ವೋಲರ್‌ಗೆ 1939ಕ್ಕೆ ಹಿಂತಿರುಗಿ ಹಿಟ್ಲರನ ಜಾಗದಲ್ಲಿ ತಾನು ಕೂತು ಯುದ್ಧ ಗೆಲ್ಲುವ ಹುಚ್ಚು. ಆದರೆ ಭೂಖಂಡಗಳು ಸರಿಯುತ್ತವೆ ಎಂಬುದು ಆರ್ಕಿಮಿಡಿಸ್‌ಗೆ ಗೊತ್ತಿರಲಿಲ್ಲವಲ್ಲ! ಲೆಕ್ಕ ತಪ್ಪಿ ವಿಮಾನ ಬಂದು ಬೀಳುವುದು ರೋಮನ್ನರು ಮುತ್ತಿಗೆ ಹಾಕಿದ, ಆರ್ಕಿಮಿಡಿಸ್‌ನ ಊರಾದ ಸಿರಕ್ಯೂಸ್ ಪಟ್ಟಣದ ಮೇಲೆ.

ಸಿರಕ್ಯೂಸ್ ಕ್ರಿ.ಪೂ. 212ರಲ್ಲಿ ಬಿತ್ತು. ಬೇಡವೆಂಬ ದಂಡನಾಯಕನ ಮಾತಿದ್ದರೂ ಮುದಿ ಆರ್ಕಿಮಿಡಿಸ್‌ನನ್ನು ಸೈನಿಕನೊಬ್ಬ ಕೊಂದ. ನೂರೈವತ್ತು ವರ್ಷ ಕಳೆಯುವುದರೊಳಗೆ ಅವನ ಗೋರಿಯನ್ನು ಊರಿನವರೇ ಮರೆತಿದ್ದರು. ರೋಮನ್ ಅಧಿಕಾರಿಯಾಗಿ ಅಲ್ಲಿಗೆ ಬಂದ ಸಿಸಿರೊ ಮುಳ್ಳುಪೊದೆಗಳ ನಡುವೆ ಗೋಳ ಮತ್ತು ಸಿಲಿಂಡರು ಕೆತ್ತಿದ ಸಣ್ಣ ಕಂಬ ಕಂಡು, ಆಳುಗಳಿಂದ ಪೊದೆ ಸವರಿಸಿ ಗೋರಿಯನ್ನು ಪತ್ತೆ ಮಾಡಿದ. ಪುರಾತತ್ವ ಎಂಬ ಹೆಸರು ಹುಟ್ಟುವ ಮೊದಲಿನ ಪುರಾತತ್ವ. ಚಿತ್ರದಲ್ಲಿ ಈ ಸಂಗತಿ ಬರುವುದಿಲ್ಲ. ನನಗೆ ಮಾತ್ರ ಥಿಯೇಟರಿನಲ್ಲಿ ಅದೇ ನೆನಪಾಗುತ್ತಿತ್ತು.

ತೆರೆಯ ಮೇಲಿನ ಆ ಯುದ್ಧ, ನಿಜ ಹೇಳಬೇಕೆಂದರೆ, ಬಣ್ಣದ ಹಿಟ್ಟು ಕಲಸಿದಂತಿದೆ. ಕಂಪ್ಯೂಟರಿನ ಹಡಗು, ಕಂಪ್ಯೂಟರಿನ ಬೆಂಕಿ. ಎಷ್ಟೋ ಜನ ಇಲ್ಲಿಗೆ ಸಿನಿಮಾ ಕೈಬಿಟ್ಟರು. ನಾನು ಬಿಡಲಿಲ್ಲ, ಒಂದೇ ಕಾರಣಕ್ಕೆ. ಗುಂಡು ತಿಂದು ರಕ್ತ ಸುರಿಸುತ್ತಾ ಕಡಲ ದಂಡೆಯಲ್ಲಿ ಕುಸಿದ ಜೋನ್ಸ್, ತಾನು ಇಲ್ಲೇ ಉಳಿಯುತ್ತೇನೆ ಎಂದು ಹಟ ಹಿಡಿಯುತ್ತಾನೆ. ಬದುಕಿಡೀ ಚೂರು ಪಾರು ಆಯ್ದು ಊಹಿಸಿಕೊಂಡ ಲೋಕ ಇಡಿಯಾಗಿ ಎದುರು ನಿಂತಿದೆ. ಹಿಂದಿರುಗಿದರೆ ಏನಿದೆ? ಖಾಲಿ ಮನೆ, ಗೋಡೆಯಾಚೆಯ ಗದ್ದಲ, ಮಗನ ಫೋಟೊ. ಫೋರ್ಡ್ ಗೋಗರೆಯುತ್ತಾರೆ. ನಾಲ್ಕು ಚಿತ್ರಗಳಲ್ಲಿ ಯಾರನ್ನೂ ಏನನ್ನೂ ಬೇಡದ ಮನುಷ್ಯನ ದನಿ ಮಗುವಿನದಾಗುತ್ತದೆ. ಆ ಮುಖದ ಒಂದೊಂದು ಸುಕ್ಕಿಗೂ ಇಲ್ಲಿ ಕೆಲಸವಿದೆ. ಮೊದಲ 25 ನಿಮಿಷದ ನುಣುಪು ಕೆನ್ನೆಗೆ ಇದು ಸಾಧ್ಯವಿತ್ತೇ? ಹೆಲೆನಾ ಮಾತಿಗೆ ಬಗ್ಗದವನನ್ನು ದವಡೆಗೊಂದು ಗುದ್ದಿ ಮೂರ್ಛೆ ಬೀಳಿಸಿ ಹೊತ್ತು ತರುತ್ತಾಳೆ. ಅದು ನನಗೆ ಮೋಸ ಅನಿಸಿತು. ಅವನೇ ಬರಲು ಒಪ್ಪಬೇಕಿತ್ತು.

'ಸ್ಟಾರ್ ವಾರ್ಸ್'ನ ಹಾನ್ ಸೋಲೊ ಪಾತ್ರವನ್ನು ಸಾಯಿಸಿಬಿಡಿ ಎಂದು ಫೋರ್ಡ್ ಎಂಬತ್ತರ ದಶಕದಲ್ಲೇ ಕೇಳಿದ್ದರು. 2015ರಲ್ಲಿ ಕಡೆಗೂ ಸಾಯಿಸಿದರು. ಜೋನ್ಸನನ್ನು ಯಾರೂ ಕೊಲ್ಲಲಿಲ್ಲ. 2023ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನವಾದಾಗ ಫೋರ್ಡ್ ಅವರಿಗೆ ಗೌರವ ಪಾಮ್ ಡೋರ್ ಕೊಟ್ಟರು, ಅವರ ಕಣ್ಣು ತುಂಬಿತ್ತು. ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಸುಮಾರು 30 ಕೋಟಿ ಡಾಲರ್ ಸುರಿದ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 38 ಕೋಟಿ; ಥಿಯೇಟರಿನವರ ಪಾಲು, ಪ್ರಚಾರದ ಖರ್ಚು ಕಳೆದರೆ ನಷ್ಟವೇ. ಸುಮಾರು 2 ಕೋಟಿಯಲ್ಲಿ ತಯಾರಾದ 1981ರ ಮೊದಲ ಚಿತ್ರದ ಒಟ್ಟು ಗಳಿಕೆಯೂ ಹೆಚ್ಚುಕಡಿಮೆ ಇಷ್ಟೇ.

ಅಂದಹಾಗೆ ಈ ತಂಡದ ಹಿರಿಯರು ಫೋರ್ಡ್ ಅಲ್ಲ. ಐದೂ ಚಿತ್ರಗಳಿಗೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್ ಅವರಿಗೆ ಆಗ 91. ಆ ಕಹಳೆಯ ಧಾಟಿ ಕೇಳಿದರೆ ಈಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂರುವಂತಾಗುತ್ತದೆ. ಅದಕ್ಕೆ ಯಾವ ಕಂಪ್ಯೂಟರೂ ತಾರುಣ್ಯ ಅಂಟಿಸಬೇಕಾಗಿ ಬರಲಿಲ್ಲ.

ಕೊನೆಯ ದೃಶ್ಯ ಮತ್ತೆ ಅದೇ ನ್ಯೂಯಾರ್ಕ್ ಮನೆ. ಜೋನ್ಸ್ ಎಚ್ಚರಗೊಂಡಿದ್ದಾನೆ. ದಿನಸಿ ಚೀಲ ಹಿಡಿದು ಮರಿಯನ್ ಒಳಗೆ ಬರುತ್ತಾಳೆ. ಕೇರನ್ ಆಲನ್ ಅವರಿಗೂ ಈಗ ಎಪ್ಪತ್ತು ದಾಟಿದೆ, ಅವರ ಮುಖಕ್ಕೂ ಯಾರೂ ಏನನ್ನೂ ಬಳಿದಿಲ್ಲ. ಅವನ ಮೈಯೆಲ್ಲ ನೋವು; ಅವಳದೂ ಹಾಗೇ, ಮಗನನ್ನು ಕಳೆದುಕೊಂಡವಳಲ್ಲವೇ. ಈ ಸಲ ಪ್ರಶ್ನೆ ಅವನದು, ನೋಯದ ಜಾಗ ಎಲ್ಲಿದೆ ಹೇಳು ಅಂತ. ಅವಳು ಮೊಣಕೈ ತೋರಿಸುತ್ತಾಳೆ. ಉಳಿದವರು ಐಸ್‌ಕ್ರೀಮ್ ನೆಪ ಹೇಳಿ ಹೊರಗೆ ಹೋಗುತ್ತಾರೆ.

ಹೊರಗೆ ಬಟ್ಟೆ ಒಣಹಾಕುವ ತಂತಿಗೆ ಹಳೆಯ ಟೋಪಿಯನ್ನು ಕ್ಲಿಪ್ ಹಾಕಿ ನೇತುಬಿಟ್ಟಿದ್ದಾರೆ. ತೆರೆ ನಾಲ್ಕೂ ಕಡೆಯಿಂದ ಕಪ್ಪಾಗಿ ದುಂಡಗೆ ಮುಚ್ಚಿಕೊಳ್ಳುತ್ತಾ ಬಂದು ಟೋಪಿಯೊಂದೇ ಉಳಿಯುತ್ತದೆ. ಇನ್ನೇನು ಪೂರ್ತಿ ಕತ್ತಲು ಅನ್ನುವಷ್ಟರಲ್ಲಿ ಕಿಟಕಿಯಿಂದ ಒಂದು ಕೈ ಹೊರಬಂದು ಅದನ್ನು ಸರಕ್ಕನೆ ಒಳಗೆ ಎಳೆದುಕೊಳ್ಳುತ್ತದೆ.